ಎರಡರ ಹತ್ತಿರ ಬಂದ ಎಕ್ಸ್

ಗಣಿತದಲ್ಲಿ ಹಿಂದೆ ಬಿದ್ದವರಿಗೆ ಸಾಲೇಹಾ ಮೇಡಂ ಪ್ರತಿ ಶನಿವಾರ ಸ್ಪೆಷಲ್ ಕ್ಲಾಸ್ ಇಟ್ಟಿದ್ದರು. ಅವರಲ್ಲೊಬ್ಬಳಾದ ಕಾವೇರಿಯ ಥ್ರೋಬಾಲ್ ಪಂದ್ಯಗಳೂ ಶನಿವಾರವೇ. ಸೋಮವಾರದ ಟೆಸ್ಟಿನಲ್ಲಿ ಒಳ್ಳೆಯ ಅಂಕ ಬಂದರೆ ಕ್ಲಾಸಿನಿಂದ ಬಿಡುಗಡೆ ಎಂದು ಮೇಡಂ ಮಾತು ಕೊಟ್ಟರು. ದಾರಿಯನ್ನೂ ಅವರೇ ಹೇಳಿದರು: ಲೆಕ್ಕವನ್ನು ಉರುಹೊಡೆಯಬಾರದು, ಏನೂ ಗೊತ್ತಿಲ್ಲದವರನ್ನು ಎದುರಿಗೆ ಕೂರಿಸಿಕೊಂಡು ಬಾಯಿಬಿಟ್ಟು ವಿವರಿಸಬೇಕು.

ಕಾವೇರಿಗೆ ಸಿಕ್ಕಿದ್ದು ಅವ್ವ ಭೀಮಬಾಯಿ. ಭಾನುವಾರ ಬೆಳಿಗ್ಗೆ ರಾಮಮೂರ್ತಿ ನಗರದ ವಠಾರದ ಬಾಡಿಗೆ ಕೋಣೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದನ್ನು ಮೀರಿಸುವಂತೆ ಕಾವೇರಿ ಲಿಮಿಟ್‌ನ ಲೆಕ್ಕವನ್ನು ಕೂಗಿ ಹೇಳಿದಳು.

"ಎಕ್ಸ್ ಎರಡರ ಹತ್ರ ಹತ್ರ ಬರ್ತದವ್ವಾ. ಆದ್ರ ಎರಡನ್ನ ಮುಟ್ಟಂಗಿಲ್ಲ."

"ಅಷ್ಟು ಹತ್ರ ಬಂದು ಯಾಕ ಮುಟ್ಟಂಗಿಲ್ಲ?" ಎಂದಳು ಅವ್ವ.

ಮೊದಲ ಪ್ರಶ್ನೆಗೇ ಕಾವೇರಿ ಉತ್ತರಕ್ಕೆ ತಡಕಾಡುತ್ತ ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳತೊಡಗಿದಳು.

ವಠಾರದಲ್ಲಿ ಎರಡನೇ ನಂಬರಿನ ಮನೆ ಅಂಜಿನಮ್ಮನದು. ಮಗಳು ಪ್ರಿಯಾಗೆ ಗಂಡು ಗೊತ್ತಾಗಿ, ಮದುವೆಯ ದಿನ ನಿಶ್ಚಯಿಸಲು ಅಂದೇ ಮಧ್ಯಾಹ್ನ ಕೆ.ಆರ್. ಪುರದಿಂದ ಬೀಗರು ಬರುವವರಿದ್ದರು. ಎಕ್ಸ್ ಎಂದರೆ ಹಳೇ ಪ್ರೇಮಿ ಎಂಬುದನ್ನು ಅಂಜಿನಮ್ಮ ಸೀರಿಯಲ್ ನೋಡಿ ಕಲಿತಿದ್ದಳು. ನೀರು ಹಿಡಿಯಲು ಹೊರಟವಳು ಕಾವೇರಿಯ ಕಿಟಕಿಯ ಬಳಿ ಬಿಂದಿಗೆ ಸಮೇತ ಕಂಬದಂತೆ ನಿಂತುಬಿಟ್ಟಳು. ಮನುಷ್ಯನನ್ನು 'ಬರ್ತದ' ಎನ್ನಬೇಕಾದರೆ ಅವನೆಂಥ ಪೋಲಿ ಇರಬೇಕು ಎಂದುಕೊಂಡು ಖಾಲಿ ಬಿಂದಿಗೆಯೊಂದಿಗೇ ಮನೆಗೆ ಓಡಿದಳು. ಮಗಳನ್ನು ಗದರಿಸಿ ಕೇಳಿದರೆ ಅವಳು ನಕ್ಕಳು. ಆ ನಗು ಅಂಜಿನಮ್ಮನಿಗೆ ತಪ್ಪೊಪ್ಪಿಗೆಯಂತೆಯೇ ಕಂಡಿತು.

ಆಕೆ ಕೇಳಿದ್ದನ್ನೆಲ್ಲ ಹೇಳಿ ಪಕ್ಕದ ಮನೆಯ ಆಟೋ ಡ್ರೈವರ್ ಮುನಿರಾಜುವಿನ ಮೊರೆಹೊಕ್ಕಳು. ಅವನು ಆಟೋವನ್ನು ಗೇಟಿಗೆ ಅಡ್ಡ ನಿಲ್ಲಿಸಿ ಕಾವಲಿಗೆ ಕೂತ.

ಮಧ್ಯಾಹ್ನ ಮನೆಯವರಿಗಿಂತ ಮುಂಚೆ ಮದುವೆ ಗಂಡು ಮುನೀಂದ್ರನೇ ಬೈಕಿನಲ್ಲಿ ಬಂದ. ಆಟೋ ಪಕ್ಕದ ಸಂದಿಯಿಂದ ಒಳಗೆ ನುಗ್ಗಿ, ಎರಡನೇ ನಂಬರಿನ ಮುಂದೆ ನಿಂತು, ತಲೆ ಬಾಚಿಕೊಂಡು, ನಾಚಿಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಅವನನ್ನು ಹಿಂದೆಂದೂ ನೋಡಿರದ ಮುನಿರಾಜು ಕೊರಳಪಟ್ಟಿ ಹಿಡಿದ.

"ಎಕ್ಸ್ ನೀನೇ ತಾನೆ? ಹತ್ರ ಬಂದಿದ್ದು ಸಾಕು ಗುರು. ಎರಡನ್ನ ಮುಟ್ಟೋಕೆ ಬಿಡಲ್ಲ."

ಅಷ್ಟರಲ್ಲಿ ಬೀಗರ ಕಾರು ಬಂದು ನಿಂತಿತು. ಮಗನ ಕೊರಳಪಟ್ಟಿ ಮುನಿರಾಜುವಿನ ಕೈಯಲ್ಲಿರುವುದನ್ನು ನೋಡಿ ಗಂಡಿನ ತಾಯಿ ಕಾರಿನಿಂದ ಇಳಿಯಲೇ ಇಲ್ಲ. ಸಂಬಂಧ ಮುರಿಯುವ ಹಂತಕ್ಕೆ ಬಂದಾಗ ಸಾಕ್ಷಿ ಹೇಳಲು ಕಾವೇರಿಯನ್ನು ಎಳೆದು ತಂದರು. ಬಡಪಾಯಿ ಹುಡುಗಿ ಸೀಮೆಸುಣ್ಣದಲ್ಲಿ ಅಂಗಳದ ತುಂಬ ಲೆಕ್ಕ ಬರೆದಳು. ಬರೆಯುತ್ತ ಬರೆಯುತ್ತ ಅವ್ವನ ಪ್ರಶ್ನೆಗೆ ಉತ್ತರ ಅವಳಿಗೇ ಹೊಳೆಯಿತು. ಎಕ್ಸ್ ಜಾಗದಲ್ಲಿ ಎರಡನ್ನು ಹಾಕಿದರೆ ಗೆರೆಯ ಕೆಳಗಡೆ ಸೊನ್ನೆಯಾಗುತ್ತದೆ, ಸೊನ್ನೆಯಿಂದ ಭಾಗಿಸಲಾಗುವುದಿಲ್ಲ, ಅದಕ್ಕೇ ಮುಟ್ಟದೆ ಹತ್ತಿರ ಹೋಗಿ ನೋಡುವುದು ಎಂದು ಬಿಡಿಸಿ ಹೇಳಿದಳು. ಅಂಜಿನಮ್ಮನಿಗೆ ಒಮ್ಮೆ, ಕಾರಿನೊಳಗಿನ ತಾಯಿಗೆ ಒಮ್ಮೆ. ಗಂಡಿನ ಸೋದರಮಾವನಂತೂ ಪೂರ್ತಿ ಅರ್ಥವಾಗುವ ತನಕ ತಾಂಬೂಲ ಮುಟ್ಟುವುದಿಲ್ಲ ಎಂದು ಹಟ ಹಿಡಿದ. ದೀಪ ಹಚ್ಚುವ ಹೊತ್ತಿಗೆ ಮದುವೆಯ ದಿನ ಗೊತ್ತಾಯಿತು, ಕಾವೇರಿಯ ಗಂಟಲು ಕೂತಿತು.

ಮರುದಿನದ ಟೆಸ್ಟ್ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ಇಡೀ ಕ್ಲಾಸಿಗೆ ಅವಳದೇ ಹೆಚ್ಚು ಅಂಕ. ಮೇಡಂ ಖುಷಿಯಾಗಿ ಕರೆದರು.

"ಇನ್ಮೇಲೆ ನೀನು ಸ್ಪೆಷಲ್ ಕ್ಲಾಸಲ್ಲಿ ಕೂತ್ಕೊಳ್ಳೋದು ಬೇಡಮ್ಮ."

ಕಾವೇರಿ ಮನಸ್ಸಿನಲ್ಲೇ ಚೆಂಡು ಎಸೆದು ಹಿಡಿದಳು.

"ನೀನೇ ನಿಂತು ಪಾಠ ಮಾಡು. ಪ್ರಿನ್ಸಿಪಾಲರಿಗೂ ಹೇಳಿದ್ದೀನಿ."

ಕೂತು ಕೇಳುತ್ತಿದ್ದಾಗ ಆಗೊಮ್ಮೆ ಈಗೊಮ್ಮೆ ಚಕ್ಕರ್ ಹೊಡೆದು ಆಡಲು ಹೋಗಬಹುದಿತ್ತು. ಈಗ ಹಾಜರಿ ತೆಗೆಯುವವಳೇ ಅವಳು.