ಸೆಕೆಂಡಿಗೆ ನೂರು ಸಲ ‘ಇದ್ಯಾ?’

ಇನ್ನು ಮುಂದೆ ನಮ್ಮ ಕಚೇರಿಯ ಫೋನು ಸತ್ತರೆ, ಸತ್ತದ್ದು ಫೋನಿಗೇ ಗೊತ್ತಾಗುವ ಮೊದಲು ನನಗೆ ಗೊತ್ತಾಗಬೇಕು! ಒಂದು ಸೋಮವಾರ ಬೆಳಿಗ್ಗೆ ನೀರುದೋಸೆಯ ತಟ್ಟೆಯ ಮುಂದೆ ಕೂತು ನಾನು ಹೀಗೆಂದು ಘೋಷಿಸಿದೆ.

ನಮ್ಮ ಧಣಿ ಚಂದಯ್ಯನವರ ಮೀನು ವ್ಯಾಪಾರಕ್ಕೆ ಕುಂದಾಪುರದಲ್ಲಿ ಮುಖ್ಯ ಕಚೇರಿ, ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಒಂದೊಂದು ಶಾಖೆ. ಮೂರೂ ಕಡೆ ಇಂಟರ್ನೆಟ್ಟಿನ ಮೂಲಕ ಮಾತಾಡುವ ಫೋನುಗಳು. ಆ ಮಾತೆಲ್ಲ ಫೋನ್ ಕಂಪನಿಯ ಎರಡು ಸರ್ವರುಗಳ ಮೂಲಕವೇ ಹೋಗಬೇಕು. ಅವು ಮಲಗಿದರೆ ನಮ್ಮ ಬಾಯಿ ಬಂದ್. ಗಿರಾಕಿ ಬಂದು ಬೈಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಕುಂದಾಪುರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು, ರವಿಚಂದ್ರ. ಬ್ರಹ್ಮಾವರದಲ್ಲಿ ಆರ್ಡರ್ ಬರೆದುಕೊಳ್ಳುವವಳು ನನ್ನ ಹೆಂಡತಿ ವಿನಯಾ.

“ನಲ್ವತ್ತೇ ಸಾಲಿನ ಪ್ರೋಗ್ರಾಂ ವಿನಯಾ! ಅದ್ ಸರ್ವರ್ ಹತ್ರ ‘ಇದ್ಯಾ?’ ಅಂದ್ ಕೇಂತ್. ‘ಇದ್ದೆ’ ಅಂದ್ರೆ ಹಸ್ರ್, ಸುಮ್ನಿದ್ರೆ ಕೆಂಪ್. ಕೆಂಪಾದ್ ಕೂಡ್ಲೆ ನಂಗೆ, ನಿಂಗೆ, ಧಣಿಗಳಿಗೆ ಮೊಬೈಲಲ್ ಮೆಸೇಜ್!”

“ಎಷ್ಟ್ ಹೊತ್ತಿಗೊಂದ್ ಸಲ ಕೇಂತ್?”

“ಕೇಂತಾನೇ ಇರತ್ತ್!”

“ಹಾಂಗೆ ಕೇಂಡ್ರೆ ಅದ್ಕೆ ಸಿಟ್ಟ್ ಬತ್ತಿಲ್ಯಾ?”

“ಯಂತ್ರಕ್ಕೆ ಎಂತ ಸಿಟ್ಟ್ ಮಾರಾಯ್ತಿ!”

ಅವಳು ನಕ್ಕು ಬ್ರಹ್ಮಾವರದ ಬಸ್ಸು ಹತ್ತಿದಳು.

ನಾನು ಕಚೇರಿಯಲ್ಲಿ ಕೂತು ಗಂಟೆ ಹತ್ತಾಗುವುದರೊಳಗೆ ನಲವತ್ತು ಸಾಲನ್ನೂ ಹೊಡೆದು ಮುಗಿಸಿದೆ. ಕೇಳುವವನ ಹೆಸರು ಹಾಕುವ ಜಾಗದಲ್ಲಿ ‘ಕುಂದಾಪುರ ಸಾಮ್ರಾಟ ರವಿಚಂದ್ರ’ ಎಂದು ಬರೆದೆ. ಯಾರು ನೋಡುತ್ತಾರೆ? ಓಡಿಸಿದೆ. ಎರಡೂ ಸರ್ವರು ಹಸಿರು! ಚಹಾ ತರಿಸಿ ಕಾಲ ಮೇಲೆ ಕಾಲು ಹಾಕಿದೆ. ಒಮ್ಮೆ ಕೇಳಿದ ಮೇಲೆ ಒಂದು ನಿಮಿಷ ಸುಮ್ಮನಿರು ಎನ್ನುವ ಒಂದೇ ಒಂದು ಸಾಲು ಬರೆಯಲು ಮರೆತದ್ದು ಆಗ ನನಗೆ ಗೊತ್ತೇ ಇರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಪರದೆ ಕೆಂಪಾಯಿತು. ಬೇರೆಯವರಾದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ನಾನು ಕುರ್ಚಿಯಿಂದ ಹಾರಿದೆ!

“ಧಣಿಗಳೇ, ಹಿಡ್ದೆ! ಎರಡೂ ಸರ್ವರ್ ಸತ್ತಿತ್!”

“ಅದ್ ಸತ್ರೆ ನಿಂಗೆಂತ ಖುಷಿ ಮಾರಾಯಾ?” ಎಂದರು ಚಂದಯ್ಯ.

ಅಷ್ಟರಲ್ಲಿ ಮೆಸೇಜುಗಳು ಬರತೊಡಗಿದವು. ಪ್ರಶ್ನೆ ಎಷ್ಟು ಸಲವೋ ಮೆಸೇಜೂ ಅಷ್ಟು ಸಲ! ನನ್ನ ಮೊಬೈಲು ಕಾದ ಕಾವಲಿಯಾಗಿ ನಿಂತೇ ಹೋಯಿತು. ಧಣಿಗಳದ್ದು ಗಡಗಡ ನಡುಗುತ್ತ ಮೇಜಿನ ಅಂಚಿನವರೆಗೆ ನಡೆದು, ಕೆಳಗಿದ್ದ ಬಂಗುಡೆ ಮೀನಿನ ಬುಟ್ಟಿಗೆ ಹಾರಿಕೊಂಡಿತು.

ಪಕ್ಕದ ಗೂಡಂಗಡಿಯವರ ಮೊಬೈಲು ಇಸಿದುಕೊಂಡು ಫೋನ್ ಕಂಪನಿಗೆ ಕರೆ ಮಾಡಿದೆ. ನನ್ನ ಪರಾಕ್ರಮ ಧಣಿಗಳಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಅತ್ತ ಅನಿಷಾ ಎನ್ನುವ ಹುಡುಗಿ.

“ನಿಮ್ಮ ಸರ್ವರ್ ಸತ್ತು ಹೋಗಿದೆ, ನಿಮಗೆ ಗೊತ್ತೇ ಇಲ್ವಾ?” ಎಂದು ಗುಡುಗಿದೆ.

“ಸರ್ವರ್ ಚೆನ್ನಾಗಿಯೇ ಇದೆ ಸರ್. ಯಾರೋ ಒಬ್ಬ ಸೆಕೆಂಡಿಗೆ ನೂರು ಸಲ ‘ಇದ್ದೀಯಾ, ಇದ್ದೀಯಾ’ ಅಂತ ಕೇಳ್ತಿದ್ದ. ಕಳ್ಳ ಇರಬೇಕು ಅಂತ ಸರ್ವರೇ ಅವನನ್ನ ಬ್ಲಾಕ್ ಮಾಡಿದೆ.”

“ಒಳ್ಳೇದಾಯ್ತು! ಯಾರು ಆ ಬದ್ಮಾಷ್? ಹೆಸರು ಹೇಳಿ, ನಮ್ಮ ಧಣಿಗಳೂ ಕೇಳಲಿ!”

ಕೀಲಿಮಣೆ ಟಕಟಕ ಎಂದಿತು. “ಹೆಸರು ಸ್ವಲ್ಪ ವಿಚಿತ್ರ ಸರ್... ಕುಂದಾಪುರ ಸಾಮ್ರಾಟ ರವಿಚಂದ್ರ.”

ಚಂದಯ್ಯನವರು ಬುಟ್ಟಿಯಿಂದ ಮೊಬೈಲು ತೆಗೆದು, ಅಂಟಿದ್ದ ಮೀನಿನ ಪೊರೆ ಒರೆಸಿ, “ಸಾಮ್ರಾಟ್ರೆ, ಮೊದ್ಲ್ ಅದನ್ನ್ ನಿಲ್ಸಿ,” ಎಂದರು. ನಿಲ್ಲಿಸಿದೆ. ಆದರೆ ಬ್ಲಾಕ್ ತೆರೆಯುವಾಗ ಸಂಜೆಯಾಗುತ್ತದೆ, ಅಲ್ಲಿಯವರೆಗೆ ನಮ್ಮ ಕಚೇರಿಯ ಫೋನೂ ಬಂದ್ ಎಂದಳು ಅನಿಷಾ.

ತಾಸೊಂದು ಕಳೆದಿರಬೇಕು, ಬಾಗಿಲಲ್ಲಿ ಬಸ್ಸಿನ ಹಾರನ್ನು. ಬ್ರಹ್ಮಾವರದಿಂದ ಬಂದ ಬಸ್ಸಿನ ಕಂಡಕ್ಟರ್ ಕುಷ್ಟ ಓಡಿ ಬಂದ.

“ಹ್ವಾಯ್ ರವಿಯಣ್ಣ! ವಿನಯಕ್ಕ ಚೀಟಿ ಕೊಟ್ಟಿರ್. ಇಲ್ಲ್ ಯಾರೂ ಬದ್ಕಿಲ್ಲೆ ಅಂದ್ಕಂಡಿರ್!”

ಚೀಟಿಯಲ್ಲಿತ್ತು: ‘ಶಿರೂರಿನವರ ಬೀಗರೂಟ ನಾಳೆ ಅಲ್ಲ, ಇವತ್ತು ರಾತ್ರಿ. ನಲವತ್ತು ಕೆ.ಜಿ. ಅಂಜಲ್ ಮೀನು ಮಧ್ಯಾಹ್ನ ಎರಡು ಗಂಟೆಯೊಳಗೆ ತಲುಪಬೇಕು. ನನ್ನ ಮೊಬೈಲು ನಿಮ್ಮ ಒಂಬತ್ತು ಸಾವಿರ ಮೆಸೇಜಿನ ಅಡಿಯಲ್ಲಿದೆ.’

ಆಗಲೇ ಹನ್ನೊಂದೂವರೆ! ಸಾಮ್ರಾಟರು ಅಂಗಿ ತೋಳು ಮಡಚಿ ಐಸ್ ಒಡೆದರು, ಪೆಟ್ಟಿಗೆ ಹೊತ್ತರು, ಮೀನಿನ ಟೆಂಪೋ ಹತ್ತಿದರು. ಬೈಂದೂರು ಶಾಖೆಯ ಎದುರು ಕಿಟಕಿಯಿಂದ ತಲೆ ಹಾಕಿ, “ಫೋನ್ ಸತ್ತಿತ್! ಕಾಯ್ಬೇಡಿ!” ಎಂದು ಕೂಗಿ ಸುದ್ದಿ ಮುಟ್ಟಿಸಿದೆ. ಇಂಟರ್ನೆಟ್ ಬೇಕಾಗಲೇ ಇಲ್ಲ. ಎರಡಕ್ಕೆ ಹತ್ತು ನಿಮಿಷವಿರುವಾಗ ಶಿರೂರು. ಅಡುಗೆಯವರು ನನ್ನ ಮುಖ ನೋಡದೆ ಮೀನಿನ ಕಿವಿರು ಬಿಡಿಸಿ ನೋಡಿ, “ಅಡ್ಡಿಲ್ಲೆ” ಎಂದರು.

ಸಂಜೆ ಮನೆಗೆ ಬಂದವನು ಮೀನಿನ ವಾಸನೆಯ ಅಂಗಿಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಎಷ್ಟು ಹೊತ್ತಾಯಿತೋ, ತಲೆ ಎತ್ತಿದರೆ ಎದುರಿಗೆ ವಿನಯಾ, ಸೊಂಟದ ಮೇಲೆ ಕೈ.

“ಎಂತ ಮಾಡ್ತಾ ಇದ್ರಿ?”

“ಮರ್ತ್ ಹೋದ ಸಾಲ್ ಸೇರಿಸ್ತಾ ಇದ್ದೆ. ಇನ್ ಮೇಲೆ ನಿಮಿಷಕ್ಕ್ ಒಂದೇ ಸಲ ಕೇಂತ್. ಮೂರ್ ಸಲ ಕೇಂಡ್ರೂ ಉತ್ರ ಬರ್ದಿದ್ರೆ ಮಾತ್ರ ಸತ್ತಿತ್ ಅಂದ್ ಲೆಕ್ಕ,” ಎಂದೆ ಗಂಭೀರವಾಗಿ.

“ಹೌದಾ? ‘ಹ್ವಾಯ್, ಒಂದ್ ತೆಂಗಿನ್ಕಾಯಿ ಒಡ್ದ್ ಕೊಡಿ’ ಅಂದ್ ಅಡ್ಗಿ ಮನಿಯಿಂದ ನಾನ್ ನಾಕ್ ಸಲ ಕರ್ದೆ. ನಿಮ್ಮನ್ನ ಎಂತ ಅಂದ್ ಲೆಕ್ಕ ಹಿಡೂದ್?”