ಸಾರಿಸಿದ ಅಂಗಳದ ಗಾಲ್ಫು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮಕ್ಕನಿಗೆ ಮೊದಲ ಸಲ ಪ್ರೊ ಕಾರ್ಡು ತಪ್ಪಿದ್ದು ಗಾಳಿಯಿಂದಲ್ಲ, ಮರಳುಗುಂಡಿಯಿಂದಲ್ಲ, ನನ್ನ ಬಲಗೈಯಿಂದ. ಆದರೂ ನನ್ನನ್ನು ಬೈಯುವ ಮೊದಲು ಅವಳನ್ನೊಮ್ಮೆ ವಿಚಾರಿಸಿಕೊಳ್ಳಿ. ಶಿಡ್ಲಘಟ್ಟದ ಸೀಮೆಯಲ್ಲಿ ಹುಟ್ಟಿದವಳು ರೇಷ್ಮೆ ಹುಳು ಸಾಕಬೇಕು, ಇಲ್ಲವೇ ಬಿ.ಎಡ್. ಮಾಡಬೇಕು. ಗಾಲ್ಫ್ ಆಡುವುದುಂಟೇ? ಉಂಟು ಎನ್ನುವ ಹುಚ್ಚು ಇಡೀ ತಾಲ್ಲೂಕಿಗೆ ಇವಳೊಬ್ಬಳಿಗೇ!

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ದೊಡ್ಡಪ್ಪ ನಂದಿಬೆಟ್ಟದ ಕಡೆಯ ಒಂದು ಗಾಲ್ಫ್ ಮೈದಾನಕ್ಕೆ ಟ್ರ್ಯಾಕ್ಟರಿನಲ್ಲಿ ಮರಳು ಹೊಡೆಯುತ್ತಿದ್ದರು. ರಜೆಯಲ್ಲಿ ಜೊತೆಗೆ ಹೋದ ಅಕ್ಕ, ಯಾರೋ ಬಿಸಾಡಿದ್ದ ಹಿಡಿ ಸವೆದ ಕೋಲೊಂದನ್ನು ತಂದಳು. ದೊಡ್ಡಮ್ಮ ಅದನ್ನು ಹುಣಸೆಹಣ್ಣು ಉದುರಿಸಲು ಎತ್ತಿಟ್ಟುಕೊಂಡರು. ಅಕ್ಕ ಕದ್ದು ಹಿತ್ತಲಿಗೆ ಒಯ್ದಳು. ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳೇ, ಅಂದರೆ ಹುಳು ಗೂಡು ಕಟ್ಟಲು ಬಿಡುವ ಆ ದೊಡ್ಡ ಬಿದಿರು ತಟ್ಟೆಗಳೇ, ಅವಳ ಗುರಿ. ತಟ್ಟೆಯ ನಡುವಿನ ಬಿದಿರು ಸುರುಳಿಯಲ್ಲಿ ಚೆಂಡು ಸಿಕ್ಕಿಕೊಂಡರೆ ಗೆದ್ದಂತೆ.

ಒಂದು ದಿನ ಗೂಡು ಬಿಡಿಸುವಾಗ ದೊಡ್ಡಮ್ಮ ಕಿರುಚಿದರು. "ಅಯ್ಯೋ, ಇದೇನೇ ಇದು? ಇಷ್ಟು ದಪ್ಪ ಗೂಡು ಯಾವ ಹುಳ ಕಟ್ತೇ?"

"ಅದು ನನ್ ಚೆಂಡಮ್ಮ."

"ಸುಮ್ನಿರೇ. ಮಾರ್ಕೆಟ್‌ಗೆ ಹಾಕಿದ್ರೆ ಒಳ್ಳೆ ತೂಕ ಬರ್ತಿತ್ತು!"

ಮೈದಾನದ ಕೋಚ್ ಒಬ್ಬರು ಇವಳ ಹೊಡೆತ ನೋಡಿ ಕಲಿಸಲು ಮುಂದಾದರು. ಮೊದಮೊದಲ ಪಂದ್ಯಗಳಲ್ಲಿ ಅಕ್ಕ ಮೊದಲನೆಯವಳಾದಳು, ಕೆಳಗಿನಿಂದ ಎಣಿಸಿದರೆ. ಆಮೇಲೆ ಪಟ್ಟಿಯ ನಡುವಿಗೆ ಏರಿದಳು. ಆಮೇಲೆ ರಾಜ್ಯಮಟ್ಟದ ಕಪ್ಪೊಂದನ್ನು ಮನೆಗೆ ಹೊತ್ತು ತಂದಳು. ದೊಡ್ಡಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅದರಲ್ಲೇ ಹಾಲಿಗೆ ಹೆಪ್ಪು ಹಾಕಿದರು.

ಹುಚ್ಚು ಮಾತ್ರ ಮೈದಾನದಲ್ಲಿ ನಿಲ್ಲಲಿಲ್ಲ. ಚಿಂತಾಮಣಿಯ ಅತ್ತೆಯ ಮಗನ ಮದುವೆ. ಊಟದ ಪಂಕ್ತಿಯಲ್ಲಿ ಬಡಿಸುವವರು ಸಾರು ತಂದರೆ ಅಕ್ಕ ಎಲೆಯ ಮುಂದೆ ತಲೆ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ಹೇಳಿದಳು: "ಅಣ್ಣಾ, ಟೇಬಲ್ ಎಡಕ್ಕೆ ವಾಲೈತೆ. ಬಲಗಡೆಯಿಂದ ಹಾಕಿ, ಅನ್ನಕ್ಕೇ ಬರ್ತದೆ." ಆತ ನಕ್ಕು ನಡುವೆ ಸುರಿದ. ಸಾರು ಸೀದಾ ಎಡಗಡೆ ಕೂತಿದ್ದ ನನ್ನ ಪಂಚೆಗೆ ಬಂತು! ಅತ್ತೆ ಗಲ್ಲಕ್ಕೆ ಕೈಯಿಟ್ಟರು. "ಏಮಮ್ಮಾ, ಇದೇನು ಆಟ? ಹೊಡೆಯೋಳೂ ನೀನೇ, ಹುಡುಕ್ಕೊಂಡು ಹೋಗೋಳೂ ನೀನೇನಾ?"

ಹುಡುಕಲು ಹೋಗುವವನು ನಾನು, ಅತ್ತೆ. ಬ್ಯಾಗು ಹೊರುವ ಕ್ಯಾಡಿ. ನನಗಿದ್ದ ಒಂದೇ ವಿದ್ಯೆ ಮಿಮಿಕ್ರಿ. ಟಿ.ವಿ. ಕಾಮೆಂಟರಿಯವರ ಪಿಸುದನಿಯಿಂದ ಗೌರಿಬಿದನೂರು ಬಸ್ಸಿನ ಕಂಡಕ್ಟರ್ ಕೂಗಿನವರೆಗೆ ಎಲ್ಲ ಬರುತ್ತದೆ. ಗಾಲ್ಫಿನಲ್ಲೋ, ಸೀನಿದರೂ ತಿರುಗಿ ನೋಡುತ್ತಾರೆ. ದೇವರು ನನ್ನಂಥವನನ್ನು ಅಂಥ ಆಟಕ್ಕೆ ಯಾಕೆ ಕಳಿಸಿದನೋ!

ಇನ್ನೊಂದು ವಿದ್ಯೆಯೂ ಇತ್ತು ಅನ್ನಿ, ಅದೇ ಮುಳುವಾಯಿತು. ಅಕ್ಕ ಚೆಂಡನ್ನು ಗುಳಿಗೆ ಉರುಳಿಸುವುದನ್ನು ಕಲಿತದ್ದು ದೊಡ್ಡಮ್ಮ ಸಗಣಿ ಸಾರಿಸಿದ ಅಂಗಳದಲ್ಲಿ, ಹೂತಿಟ್ಟ ಲೋಟದ ಬಾಯಿಗೆ. ಸಾರಿಸಿದ ಕೈ ಯಾವ ಕಡೆ ಬಾಗಿದೆಯೋ ಚೆಂಡೂ ಆ ಕಡೆಗೆ ಬಾಗುತ್ತದೆ. ಹಾಗಾಗಿ ಅಂಗಳದಲ್ಲಿ ಪ್ರತಿ ಸಲವೂ ನಾನು ನೆಲ ಸವರಿ, "ಎಡಕ್ಕೆ, ಒಂದು ಗೇಣು" ಎನ್ನುತ್ತಿದ್ದೆ. ಅವಳು ಉರುಳಿಸುತ್ತಿದ್ದಳು.

ಪ್ರೊ ಕಾರ್ಡಿಗೆ ಅರ್ಹತಾ ಪಂದ್ಯ ಬಂತು. ಆ ಕಾರ್ಡಿದ್ದರೆ ಮಾತ್ರ ವರ್ಷವಿಡೀ ದೊಡ್ಡ ಪಂದ್ಯಗಳಲ್ಲಿ ಆಡಬಹುದು. ಕೊನೆಯ ದಿನ ಅಕ್ಕ ಚೆನ್ನಾಗಿಯೇ ಆಡುತ್ತಿದ್ದಳು. ಕೊನೆಗೆ ಉಳಿದ ಒಂದು ಹಸಿರಿನ ಮೇಲೆ, ಅಂದರೆ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ನಮ್ಮನೆ ಅಂಗಳವೇನೋ ಎಂಬಂತೆ ಕೂತು, ಹುಲ್ಲನ್ನು ಅಂಗೈಯಿಂದ ಪ್ರೀತಿಯಿಂದ ಸವರಿಬಿಟ್ಟೆ! ರೆಫರಿ ಓಡಿ ಬಂದರು. ಹುಲ್ಲು ಉಜ್ಜಿ ಪರೀಕ್ಷೆ ಮಾಡುವುದು ನಿಯಮಕ್ಕೆ ವಿರುದ್ಧವಂತೆ. ದಂಡ ಎರಡು ಹೊಡೆತ. ಉಜ್ಜಿದ್ದು ನಾನು, ದಂಡ ಅಕ್ಕನಿಗೆ. ಒಂದೇ ಒಂದು ಹೊಡೆತದ ಅಂತರದಲ್ಲಿ ಕಾರ್ಡು ಹೋಯಿತು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಮಿಮಿಕ್ರಿಗಾದರೂ ಒಂದು ಐಟಂ ಸಿಗುತ್ತಿತ್ತು. ಶೂ ಬಿಚ್ಚಿ ಬಸ್ಸು ಹತ್ತಿದಳು.

ಮನೆಯಲ್ಲಿ ದೊಡ್ಡಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. "ಇನ್ನೊಂದೇ ಸಲ ನೋಡು ತಾಯಿ. ಆಗಿಲ್ಲಾಂದ್ರೆ ಗೌರಿಬಿದನೂರ್ ಸ್ಕೂಲ್ನೋರು ಪಿ.ಟಿ. ಟೀಚರ್ ಕೆಲ್ಸ ಕೊಡ್ತೀವಿ ಅಂದವ್ರೆ, ಸೇರ್ಕೊಂಡ್ಬಿಡು."

"ಆಯ್ತಪ್ಪ. ಆದ್ರೆ ಆ ಇನ್ನೊಂದು ಸಲ ಪೂರ್ತಿ ನಂದು."

ಮಾರನೆಯ ಬೆಳಗ್ಗೆ ಕೋಳಿಗಿಂತ ಮೊದಲು ಹಿತ್ತಲಲ್ಲಿ ಚೆಂಡಿನ ಸದ್ದು. ಮರುದಿನವೂ ಅದೇ. ಅಂಗೈ ಬೊಬ್ಬೆಯೆದ್ದರೆ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಹೊಡೆಯುತ್ತಿದ್ದಳು. ನೆಂಟರ ಮನೆಯ ನಾಮಕರಣ, ಗೃಹಪ್ರವೇಶ, ಯಾವುದಕ್ಕೂ ಹೋಗಲಿಲ್ಲ. ನೋಡಲಾಗದೆ ನಾನೇ ಒಮ್ಮೆ ದೊಡ್ಡಪ್ಪನ ದನಿಯಲ್ಲಿ "ಸಾಕು ಬಾರಮ್ಮ, ಊಟಕ್ಕೆ" ಎಂದೆ. ಅವಳು ತಿರುಗದೆಯೇ, "ಅಪ್ಪ ಕರೆದ್ರೂ ಬರಲ್ಲ, ನೀನ್ ಕರೆದ್ರೂ ಬರಲ್ಲ ಕಣೋ" ಎಂದಳು.

ಮುಂದಿನ ವರ್ಷದ ಪಂದ್ಯ. ಬೇರೆ ಕ್ಯಾಡಿಯನ್ನು ಗೊತ್ತು ಮಾಡಿಕೋ ಎಂದು ಕೋಚ್ ಹೇಳಿದರು, ನಾನೂ ಕೈಮುಗಿದು ಹೇಳಿದೆ. ಅಕ್ಕ ಕೇಳಲಿಲ್ಲ. ಬ್ಯಾಗು ಹೊತ್ತು ನಡೆದೆ, ಆದರೆ ಯಾವ ಹಸಿರಿಗೂ ಕಾಲಿಡಲಿಲ್ಲ. ಅಂಚಿನಲ್ಲೇ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಂತವನ ಹಾಗೆ ನಿಂತೆ. ಇಳಿಜಾರು ಅವಳೇ ನೋಡಿಕೊಂಡಳು. ಕೊನೆಯ ಹಸಿರಿಗೆ ಬರುವಾಗ ಲೆಕ್ಕ ಸರಳವಾಗಿತ್ತು: ಚೆಂಡು ಒಳಗೆ ಬಿದ್ದರೆ ಕಾರ್ಡು, ಬೀಳದಿದ್ದರೆ ಗೌರಿಬಿದನೂರು.

ಆ ಚೆಂಡು ಗುಳಿಯ ಬಾಯಲ್ಲಿ ಒಂದು ಸುತ್ತು ತಿರುಗಿ ಒಳಗೆ ಬಿತ್ತು ಎಂಬುದು ಈಗ ಊರಿಗೆಲ್ಲ ಗೊತ್ತು. ಬೀಳುವ ಮುಂಚೆ ನಡೆದದ್ದು ನಮ್ಮಿಬ್ಬರಿಗೇ ಗೊತ್ತು. ಅವಳು ಹುಲ್ಲಿನ ನಡುವೆ ನಿಂತು, ಬಾ ಎಂದು ಕೈಸನ್ನೆ ಮಾಡಿದಳು. ನಾನು ಬರಲ್ಲವೆಂದು ತಲೆಯಾಡಿಸಿದೆ. ಅವಳೇ ನನ್ನ ಹತ್ತಿರ ನಡೆದು ಬಂದಳು.

"ಬೇಡಕ್ಕಾ," ಎಂದೆ. ಆ ಹೊತ್ತಿಗೆ ಯಾರ ದನಿಯೂ ಬರಲಿಲ್ಲ, ನನ್ನದೇ ದನಿ ಬಂತು. "ನಾನ್ ಏನಾದ್ರೂ ಮಾಡ್ಬಿಟ್ರೆ ಮತ್ತೆ ನಿನ್ ತಲೆಗೇ ಬರ್ತದೆ."

ಅಕ್ಕ ನನ್ನ ಬೆನ್ನ ಹಿಂದಿನಿಂದ ಬಲಗೈಯನ್ನು ಎಳೆದು ಬಿಡಿಸಿದಳು.

"ಬರ್ಲಿ ಬಿಡೋ. ಕ್ಯಾಡಿ ಮಾಡಿದ್ದು ಪ್ಲೇಯರ್ ಮಾಡ್ದಂಗೇ ಅಂತ ರೂಲ್ ಬರೆದೋರೇ ನಮ್ಮಿಬ್ರನ್ನ ಒಂದೇ ಅಂದವ್ರೆ, ಬೇರೆ ಮಾಡಕ್ಕೆ ನೀನ್ಯಾವನೋ?"