ಮಾವನ ಕರಾಟೆ, ನನ್ನ ಮೊಣಕಾಲು

ನನ್ನ ಸೋದರಮಾವ ಕುರ್ಚಿಯ ಮೇಲೆ ಕೂತಿದ್ದನ್ನು ಶ್ರೀನಿವಾಸಪುರದಲ್ಲಿ ಯಾರಾದರೂ ನೋಡಿದ್ದರೆ ಬಂದು ನನಗೆ ಹೇಳಲಿ! ಮದುವೆಯೂಟಕ್ಕೆ ಹೋದರೂ ಕುರ್ಚಿ ಪಕ್ಕಕ್ಕೆ ಸರಿಸಿ, ಕಾಲಗಲಿಸಿ, ಮೊಣಕಾಲು ಬಗ್ಗಿಸಿ ಗಾಳಿಯಲ್ಲೇ ಕೂರುತ್ತಿದ್ದರು. ಪಾಯಸ ಬಡಿಸುವವನು ಗಾಬರಿಯಾಗಿ, "ಏನಾಯ್ತು ಸಾರ್?" ಅಂದರೆ, "ನೀನು ಬಡ್ಸಯ್ಯ, ಇನ್ನೂ ಎರಡು ನಿಮಿಷ ಐತೆ" ಅನ್ನುತ್ತಿದ್ದರು. ಅತ್ತೆ ಮೆಲ್ಲಗೆ ಎಲೆ ಬಿಟ್ಟೆದ್ದು ಇನ್ನೊಂದು ಸಾಲಿಗೆ ಹೋಗುತ್ತಿದ್ದರು.

ಮಾವ ಕರಾಟೆ ಮಾಸ್ಟರು. ಮಾವಿನ ಸೀಸನ್ ಮುಗಿದು ಖಾಲಿಯಾದ ಮಂಡಿಯಂಗಳದಲ್ಲಿ ಬೆಳಿಗ್ಗೆ ನಮ್ಮ ಕ್ಲಾಸು. ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ಕುಪ್ಪಳಿಸಬೇಕು! ಯಾರಾದರೂ ನೋವು ಅಂದರೆ, "ಶಭಾಷ್! ವಿದ್ಯೆ ಮೈಗೆ ಹತ್ತುತಾ ಐತೆ" ಎಂದು ಹರಳೆಣ್ಣೆ ಶೀಶೆ ತೆಗೆಯುತ್ತಿದ್ದರು. ಭುಜಕ್ಕೂ ಅದೇ, ಸೊಂಟಕ್ಕೂ ಅದೇ. ನನ್ನ ಗೆಳತಿಯೊಬ್ಬಳು ಹಲ್ಲುನೋವೆಂದು ರಜಾ ಕೇಳಲು ಹೋಗಿ, ದವಡೆಗೆಲ್ಲ ಹರಳೆಣ್ಣೆ ಹಚ್ಚಿಸಿಕೊಂಡು ಶಾಲೆಗೆ ಬಂದಳು.

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಬಲ ಮೊಣಕಾಲು ನೋಯತೊಡಗಿತು. ಕೋಲಾರದಲ್ಲಿ ಜಿಲ್ಲಾ ಪಂದ್ಯ ಹತ್ತಿರ ಬಂದಿತ್ತು. "ನಮ್ಮ ಹುಡುಗಿ, ನಮ್ಮ ಅಮ್ಮಾಯಿ ಕಪ್ ತರ್ತಾಳೆ" ಎಂದು ಮಾವ ಊರೆಲ್ಲ ಸಾರಿಬಿಟ್ಟಿದ್ದರು. ಅವರ ಮುಖ ನೋಡಿ ನಾನು ತುಟಿಪಿಟಕ್ ಅನ್ನಲಿಲ್ಲ. ಪಂದ್ಯದಲ್ಲಿ ಮೊದಲ ಒದೆಗೇ ಕುಸಿದುಬಿದ್ದೆ.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" ಎಂದು ಡಾಕ್ಟರು ಕೇಳಿದರು. ಅಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ಎದುರಿಗೇ ನಿಂತಿದ್ದಳು. ಬೈಗುಳಕ್ಕೆ ಹೆದರಿ, "ಮಾವಂಗೆ ಹೇಳಿದ್ದೆ. ಏನೂ ಆಗಲ್ಲ ಅಂದ್ರು" ಎಂದುಬಿಟ್ಟೆ. ಶುದ್ಧ ಸುಳ್ಳು! ಬಾಗಿಲ ಹತ್ತಿರ ನಿಂತಿದ್ದ ಮಾವ, "ಹೌದು, ಹೇಳಿದ್ಲು" ಅಂದರು.

ಮಾತು ಊರೆಲ್ಲ ಹಬ್ಬಿತು. ಒಬ್ಬೊಬ್ಬರಾಗಿ ಎಲ್ಲರೂ ಮಕ್ಕಳನ್ನು ಬಿಡಿಸಿಕೊಂಡರು. ಕ್ಲಾಸು ಮುಚ್ಚಿತು. ಅಮ್ಮ ಒಡಹುಟ್ಟಿದವನ ಜೊತೆ ಮಾತು ಬಿಟ್ಟಳು. ಇಷ್ಟಾದರೂ ಬಾಯಿ ಬಿಟ್ಟೆನೇ ನಾನು? ಹನ್ನೊಂದು ವರ್ಷ ಸುಮ್ಮನಿದ್ದೆ. ಎಂಥ ಹೇಡಿ ನೋಡಿ!

ಹೋದ ತಿಂಗಳು ತಡೆಯಲಾಗದೆ, ನಾನೀಗಿರುವ ಮುಳಬಾಗಿಲಿನಿಂದ ಬಸ್ಸು ಹತ್ತಿ ಮಾವನ ಮನೆಗೆ ಹೋದೆ. "ಅವತ್ತು ನಾನು ಸುಳ್ಳು ಹೇಳ್ದೆ ಮಾವ. ನಿಮಗೆ ಏನೂ ಹೇಳೇ ಇರ್ಲಿಲ್ಲ" ಎಂದು ಅತ್ತುಬಿಟ್ಟೆ.

ಮಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ, "ನೀನು ಹೇಳ್ಲಿಲ್ಲ, ನಿಜ ಕಣೇ. ಆದ್ರೆ ವಾರವೆಲ್ಲ ಕುಂಟ್ತಿದ್ದೆ. ನಾನು ನೋಡಿದ್ದೆ. ಕಪ್ ಆಸೆಗೆ ಕೇಳ್ಲಿಲ್ಲ" ಎಂದರು.

ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಕೇಳಿದರು, "ಈಗಲೂ ನೋಯ್ತೈತಾ ಅಮ್ಮಾಯಿ?"

"ಹೂಂ ಮಾವ," ಅಂದೆ. "ನೋಯ್ತೈತೆ."